ಸುವಿಚಾರ ನಿಂತ ದಿನಗಳು

ಸೂರತ್ತಿನ ಅಡಾಜಣ್‌ನಲ್ಲಿ ನಾವಿರುವ ವಸತಿ ಸೊಸೈಟಿಯ ಗೇಟಿಗೆ ಒಂದು ಕರಿಹಲಗೆ ನೇತುಹಾಕಿದ್ದಾರೆ. ದಿನಾ ಬೆಳಿಗ್ಗೆ ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಸುವಿಚಾರ ಬರೆಯಬೇಕು. ಗುಜರಾತಿನಲ್ಲಿ ಇದು ಹಾಲು, ಪತ್ರಿಕೆಗಳಷ್ಟೇ ಅಗತ್ಯದ ಸರಬರಾಜು. ‘ಕೋಪವೇ ಮನುಷ್ಯನ ಶತ್ರು’ ಎಂದು ಓದಿಕೊಂಡೇ ಜನ ಸ್ಕೂಟರ್ ಹೊರಗೆ ತೆಗೆದು ಮೊದಲ ತಿರುವಿನಲ್ಲಿ ಬೈದಾಡುತ್ತಾರೆ. ಧಾರವಾಡದವನಾದ ನನಗೆ ಈ ಕೆಲಸ ಬಂದದ್ದು, ನಿವೃತ್ತನಾದವನಿಗೆ ಬೆಳಿಗ್ಗೆ ಇನ್ನೇನು ಕೆಲಸ ಎಂಬ ಸಾರ್ವಜನಿಕ ಅಭಿಪ್ರಾಯದಿಂದ. ನನ್ನ ಗುಜರಾತಿ ಅಕ್ಷರಗಳು ಹೊಟ್ಟೆ ತುಂಬ ಉಂಡ ಕನ್ನಡ ಅಕ್ಷರಗಳಂತೆ ಕಾಣುತ್ತವೆ, ಯಾರೂ ದೂರಿಲ್ಲ. ಹಲಗೆ ಖಾಲಿ ಇದ್ದರೆ ಮಾತ್ರ ಮನೆ ಬಾಗಿಲು ತಟ್ಟುತ್ತಾರೆ. ಖಾಲಿ ಹಲಗೆಗೆ ಇಲ್ಲಿ ಎರಡೇ ಅರ್ಥ: ಬರೆಯುವವನು ಊರಿಗೆ ಹೋಗಿದ್ದಾನೆ, ಇಲ್ಲವೇ ಹಾಸಿಗೆ ಹಿಡಿದಿದ್ದಾನೆ.

ಅದಕ್ಕೆ ಮೂರನೆಯ ಅರ್ಥವೊಂದನ್ನು ಹುಟ್ಟಿಸಲು ಹೋಗಿ ನಾನು ಸಿಕ್ಕಿಬಿದ್ದ ಕಥೆ ಇದು. ಆ ಕಡತ ಮುಚ್ಚಿದೆ ಎಂದು ನಮ್ಮ ವಕೀಲೆ ಹೇಳಿದ ಮೇಲೆ ಬರೆಯುತ್ತಿದ್ದೇನೆ. ಆಕೆ ಇದನ್ನು ಓದಿ ಕೆಲವು ವಾಕ್ಯಗಳನ್ನು ಹೊಡೆದುಹಾಕಿದ್ದಾಳೆ. ಈ ಬರಹದ ಅತ್ಯುತ್ತಮ ವಾಕ್ಯಗಳು ಅವೇ ಆಗಿದ್ದವು ಎಂದು ಓದುಗರು ನಂಬಬೇಕು.

ಕೊಯಾಲಿಯ ತೈಲ ಶುದ್ಧೀಕರಣಾಗಾರದಲ್ಲಿ ಕಂಪ್ಯೂಟರುಗಳನ್ನು ಕಾಯುವ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಸೂರತ್ತಿನದೇ ಬಡಾವಣೆ ಕತಾರ್‌ಗಾಮ್‌ನ ಒಂದು ಜಾಲತಾಣಕ್ಕೆ ಸೇರಿಕೊಂಡಿದ್ದೆ. ವಜ್ರ ಉಜ್ಜುವ ಕಾರ್ಖಾನೆಗಳ ಸಾಲಿನಲ್ಲಿ, ಮೊದಲ ಮಹಡಿಯ ಎರಡು ಕೋಣೆಗಳೇ ಅದರ ಕಚೇರಿ. ಯಾವ ಕಾರ್ಖಾನೆಯಲ್ಲಿ ಕೆಲಸವಿದೆ, ಯಾರು ಕೂಲಿ ಸರಿಯಾಗಿ ಕೊಡುತ್ತಾರೆ, ಯಾರು ಹೇಳದೆ ಕೇಳದೆ ಬೀಗ ಹಾಕಿದರು ಎಂದು ವಜ್ರದ ಕೆಲಸಗಾರರು ಅಲ್ಲಿ ಅಡ್ಡಹೆಸರಿನಲ್ಲಿ ಬರೆಯುತ್ತಾರೆ. ಮಾಲೀಕ ನಲವತ್ತರ ಆಸುಪಾಸಿನವನು. ಹರೆಯದಲ್ಲಿ ತಾನೂ ಘಂಟಿಯ ಸುತ್ತ ಕೂತವನು. ಘಂಟಿಯೆಂದರೆ ಕೆಲಸಗಾರರು ಸುತ್ತ ಕೂತು ಕಲ್ಲು ಉಜ್ಜುವ ತಿರುಗುವ ಚಕ್ರ. ಅವನ ಮಾತು ಗುಜರಾತಿ, ಹಿಂದಿಗಳ ಮಿಶ್ರಣ. ನನಗೆ ಅರ್ಥವಾದಷ್ಟನ್ನು ಕನ್ನಡದಲ್ಲಿ ಕೊಡುತ್ತೇನೆ. ಅವನಿಗೆ ನಾನು ಕಾಕಾ. ಸೂರತ್ತಿನಲ್ಲಿ ಎಲ್ಲರಿಗೂ ನಾನು ಕಾಕಾ. ಬೇರೆ ಹೆಸರು ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

ನನ್ನ ಮೊದಲ ಕೆಲಸ, ತಾಣವು ಬಳಕೆದಾರರಿಂದ ಏನೇನು ಮಾಹಿತಿ ಸಂಗ್ರಹಿಸುತ್ತದೆ ಎಂದು ಒಪ್ಪಿಕೊಳ್ಳುವ ಪುಟ ಬರೆಯುವುದಾಗಿತ್ತು. ಮೊಬೈಲ್ ಸಂಖ್ಯೆ, ಒಳಗೆ ಬಂದ ಸಮಯ, ಯಾವ ಸಂಪರ್ಕದಿಂದ ಬಂದರು ಎಂಬ ಗುರುತು, ಇಷ್ಟು ಇಡುತ್ತೇವೆ. ಹೆಸರು, ಮನೆ ವಿಳಾಸ, ಕೆಲಸದ ಜಾಗ ಕೇಳುವುದಿಲ್ಲ. ಸರ್ಕಾರ ಕಾನೂನಿನಂತೆ ಕೇಳಿದರೆ ಇದ್ದದ್ದನ್ನು ಕೊಡಲೇಬೇಕು. ಇದನ್ನೆಲ್ಲ ನಾನು ಘನಗಂಭೀರ ಇಂಗ್ಲಿಷಿನಲ್ಲಿ, ಪ್ರತಿ ಪದಕ್ಕೂ ಪೇಟ ಸುತ್ತಿ ಕೂರಿಸಿ ಬರೆದೆ. ಕೊನೆಗೆ ನನ್ನ ಹೆಮ್ಮೆಯ ಕಂಡಿಕೆ: ತಾಣದ ಮುಖಪುಟದಲ್ಲಿ ಪ್ರತಿದಿನ ‘ಇಂದಿನವರೆಗೆ ಯಾವ ಸರ್ಕಾರಿ ಕಚೇರಿಯೂ ನಿಮ್ಮ ಮಾಹಿತಿಯನ್ನು ನಮ್ಮಿಂದ ಕೇಳಿಲ್ಲ’ ಎಂಬ ಸಾಲು ಇರುತ್ತದೆ. ಒಂದು ದಿನ ಆ ಸಾಲು ಕಾಣದಿದ್ದರೆ ಯಾಕೆಂದು ಕೇಳಬೇಡಿ. ಹೇಳದಂತೆ ನಮಗೆ ಆದೇಶವಿರಬಹುದು.

ಮಾಲೀಕ ಕೇಳಿಸಿಕೊಂಡು ತಲೆದೂಗಿದ.

“ಸಾಲು ಒಂದೇ ಇದ್ದರೆ ಯಾರೂ ನೋಡಲ್ಲ ಕಾಕಾ. ಮೇಲೊಂದು ಸುವಿಚಾರ ಇರಲಿ. ನಿಮ್ಮ ಗೇಟಿನ ಹಲಗೆ ಇದೆಯಲ್ಲ, ಥೇಟ್ ಹಾಗೆ.”

“ದಿನಾಂಕ ಬದಲಾದ ಕೂಡಲೇ ಸಾಲು ತಾನಾಗಿ ಬರುವಂತೆ ಮಾಡಬಹುದು.”

“ಬೇಡ. ದೇವರ ಮುಂದೆ ದೀಪ ನೀವು ಹಚ್ಚುತ್ತೀರೋ, ಟೈಮರ್ ಇಟ್ಟಿದ್ದೀರೋ?”

ಹಾಗಾಗಿ ದಿನಾ ಬೆಳಿಗ್ಗೆ ವಿಧಿಪೂರ್ವಕವಾಗಿ ನಾನು ಕಚೇರಿಯ ಅಂಚೆ ನೋಡುತ್ತಿದ್ದೆ, ಮಿಂಚಂಚೆ ನೋಡುತ್ತಿದ್ದೆ, ಮಾಲೀಕನಿಗೆ ಫೋನ್ ಮಾಡಿ “ಯಾರಾದರೂ ಕೇಳಿದರೇ?” ಎನ್ನುತ್ತಿದ್ದೆ. “ಯಾರೂ ಇಲ್ಲ” ಎಂದು ಅವನು ಹೇಳಿದ ಮೇಲೆ ಸುವಿಚಾರವನ್ನೂ ಸಾಲನ್ನೂ ಒಟ್ಟಿಗೆ ಏರಿಸುವ ಗುಂಡಿ ಒತ್ತುತ್ತಿದ್ದೆ. ಎರಡನ್ನೂ ಒಂದೇ ಗುಂಡಿಗೆ ಕಟ್ಟಿದ್ದು ನನ್ನದೇ ಬುದ್ಧಿವಂತಿಕೆ. ಸುವಿಚಾರ ಓದುವವನು ಸಾಲನ್ನೂ ಓದಲೇಬೇಕು ಎಂಬ ಲೆಕ್ಕಾಚಾರ. ಜನ ಓದಿದರು, ಓದುವುದಷ್ಟೇ ಅಲ್ಲ, ಹೂವಿನ ಚಿತ್ರದ ಮೇಲೆ ಎರಡನ್ನೂ ಅಂಟಿಸಿ ಶುಭೋದಯವೆಂದು ನೆಂಟರಿಷ್ಟರಿಗೆಲ್ಲ ಕಳಿಸಿದರು. ಸೌರಾಷ್ಟ್ರದ ಯಾವುದೋ ಹಳ್ಳಿಯ ಅಜ್ಜಿಗೂ ತನ್ನ ಮಾಹಿತಿಯನ್ನು ಯಾವ ಸರ್ಕಾರಿ ಕಚೇರಿಯೂ ಕೇಳಿಲ್ಲವೆಂಬ ಸಮಾಚಾರ ಗುಲಾಬಿಯೊಂದಿಗೆ ತಲುಪುತ್ತಿತ್ತು. ಪಾರದರ್ಶಕತೆ ಗೆದ್ದಿತು ಎಂದು ನಾನು ತಿಳಿದುಕೊಂಡೆ.

ದೀಪಾವಳಿ ರಜೆಗೆ ಮೊದಲು ಒಂದು ಕಾರ್ಖಾನೆ ಹೇಳದೆ ಬಾಗಿಲು ಹಾಕಿತು. ಬೀಗದ ಮುಂದೆ ಎಲ್ಲರೂ ಸೇರೋಣ ಎಂದು ಒಬ್ಬ ಕೆಲಸಗಾರ ನಮ್ಮ ತಾಣದಲ್ಲಿ ಅಡ್ಡಹೆಸರಿನಲ್ಲಿ ಬರೆದ. ಜನ ಸೇರಿದರು, ಘೋಷಣೆ ಕೂಗಿದರು, ಚಹಾ ಕುಡಿದರು, ಮನೆಗೆ ಹೋದರು. ಅದಾದ ಮೇಲೆ ಒಂದು ಕಚೇರಿಯಿಂದ ನಮಗೆ ಪತ್ರ ಬಂತು. ಯಾವ ಕಚೇರಿ ಎಂಬುದು ಹೊಡೆದುಹಾಕಿದ ವಾಕ್ಯಗಳಲ್ಲಿತ್ತು. ಅದನ್ನು ಬರೆದವನದೂ ಅದರ ಕೆಳಗೆ ಮಾತಾಡಿದವರೆಲ್ಲರದೂ ಮೊಬೈಲ್ ಸಂಖ್ಯೆ ಕೊಡಬೇಕು. ಪತ್ರ ಬಂದ ಸಂಗತಿಯನ್ನು ಯಾರಿಗೂ, ವಿಶೇಷವಾಗಿ ಆ ಬಳಕೆದಾರರಿಗೆ, ತಿಳಿಸಕೂಡದು.

ಪತ್ರ ಹಿಡಿದು ಅಹಮದಾಬಾದಿನ ರೈಲು ಹತ್ತಿದೆ. ನಮ್ಮ ವಕೀಲೆ ಅಲ್ಲಿಯೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ತಂದೆ ಬಾಹ್ಯಾಕಾಶ ಸಂಶೋಧನೆಯಲ್ಲಿದ್ದವರು. ತಂದೆ ಉಪಗ್ರಹಗಳನ್ನು ಮೇಲೆ ಕಳಿಸುತ್ತಿದ್ದಾಗ ಮಗಳ ಕನ್ನಡ ಕೆಳಗೇ ಉಳಿಯಿತು. ಆದರೂ ನನ್ನೊಂದಿಗೆ ಹಟ ಹಿಡಿದು ಕನ್ನಡದಲ್ಲೇ ಮಾತಾಡುತ್ತಾಳೆ.

“ಅಂಕಲ್, ನೋಟಿಸ್ ಪಕ್ಕಾ ಇದೆ. ಕೊಡಬೇಕಾಗತ್ತೆ. ಆದ್ರೆ ಎಲ್ಲರ ನಂಬರ್ ಯಾಕೆ? ಕೆಳಗೆ ಜೈ ಹೋ ಅಂತ ಬರೆದವನು ಏನು ಮಾಡ್ದ? ನಾನು ಲೆಟರ್ ಬರೀತೀನಿ. ಮೇಲೆ ಪೋಸ್ಟ್ ಹಾಕಿದ ಒಬ್ಬನ ನಂಬರ್ ಅಷ್ಟೇ.”

“ಆ ಒಬ್ಬನಿಗೆ ಒಂದು ಮಾತು…”

“ಬಿಲ್‌ಕುಲ್ ಇಲ್ಲ. ನೀವು ಬಾಯಿ ಬಂದ್ ಮಾಡ್ಕೊಂಡು ಕೂರಬೇಕು.”

“ನಾಳೆ ಬೆಳಿಗ್ಗೆ ಸಾಲು ಬರೆಯಬೇಕಲ್ಲಮ್ಮ? ಯಾರೂ ಕೇಳಿಲ್ಲ ಅಂತ?”

ಆಕೆ ಪೆನ್ನು ಕೆಳಗಿಟ್ಟು ಯೋಚಿಸಿದಳು.

“ಚುಪ್ ಇರು ಅಂತ ಅವರು ಹೇಳಬಹುದು ಅಂಕಲ್. ಝೂಟ್ ಬರಿ ಅಂತ ಈ ಕಾಗದ ಹೇಳಿಲ್ಲ. ನೀವು ಬರೀಬೇಡಿ. ಯಾರಾದ್ರೂ ಕೇಳಿದ್ರೆ ಕೋರ್ಟಲ್ಲಿ ನಾನು ನೋಡ್ಕೋತೀನಿ.”

ಮರುದಿನ ಬೆಳಿಗ್ಗೆ ನಾನು ಗುಂಡಿ ಒತ್ತಲಿಲ್ಲ. ಸಾಲಿನೊಂದಿಗೆ ಸುವಿಚಾರವೂ ಮಾಯವಾಗಿ ಮುಖಪುಟದಲ್ಲಿ ಹಲಗೆಯಂತೆ ಬಿಡಿಸಿದ್ದ ಕಪ್ಪು ಚೌಕ ಮಾತ್ರ ಉಳಿಯಿತು. ಕತಾರ್‌ಗಾಮ್ ತತ್ತರಿಸುತ್ತದೆ, ಜನ ಎಚ್ಚೆತ್ತುಕೊಳ್ಳುತ್ತಾರೆ, ಆ ಒಬ್ಬ ಸೂಕ್ಷ್ಮ ಅರಿತು ಮನೆಯವರಿಗೆ ಹೇಳಿಟ್ಟು, ಯಾವುದಾದರೂ ವಕೀಲರನ್ನು ಹುಡುಕಿಕೊಳ್ಳುತ್ತಾನೆ ಎಂದು ಕಾದು ಕೂತೆ.

ಮೊದಲ ಸಂದೇಶ, ಸುವಿಚಾರ ಬರೆಯುವ ಕಾಕಾನೇ ಎತ್ತುತ್ತಾನೆಂದು ಎಲ್ಲರಿಗೂ ಗೊತ್ತಿದ್ದ ತಾಣದ ಸಹಾಯವಾಣಿಯ ಫೋನಿಗೆ ಬಂತು: “ಕಾಕಾ, ತಬಿಯತ್ ಹೇಗಿದೆ?”

ಆಮೇಲೆ ನಿಲ್ಲಲೇ ಇಲ್ಲ. ಅಜವಾನದ ಕಷಾಯ ಕುಡಿಯಿರಿ. ಬೆನ್ನಾದರೆ ಸಾಸಿವೆ ಎಣ್ಣೆ. ಹೃದಯವಾದರೆ ದಯವಿಟ್ಟು ಮೆಟ್ಟಿಲು ಹತ್ತಬೇಡಿ. ಒಬ್ಬ ಪುಣ್ಯಾತ್ಮ ಎಲ್ಲರಿಗಿಂತ ಮುಂದೆ ಹೋಗಿ, ದೀಪದ ಚಿತ್ರದ ಕೆಳಗೆ ‘ಓಂ ಶಾಂತಿ, ಸುವಿಚಾರದ ಕಾಕಾ’ ಎಂದು ಹಾಕಿದ. ಅದಕ್ಕೆ ನಮ್ಮ ತಾಣದ ಇತಿಹಾಸದಲ್ಲೇ ಅತಿ ಹೆಚ್ಚು ಕೈಮುಗಿತಗಳು ಬಂದವು.

ಸಂಜೆ ಮನೆಗೆ ಹೋದರೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಏನ್ರೀ, ನಿಮಗ ಆರಾಮ ಇಲ್ಲಂತ ಕೆಳಗಿನ ಮನಿಯಾಕಿ ಶುಂಠಿ ಕೊಟ್ಟು ಹೋದ್ಲು. ಊರಿಗೆಲ್ಲಾ ಗೊತ್ತದ, ನನಗೊಂದು ಮಾತು ಹೇಳಬಾರದಾ?”

“ಆರಾಮ ಇದ್ದೀನಿ.”

“ಮತ್ತ ಯಾಕ ನಿಲ್ಲಿಸೀರಿ, ಆ ಫೋನಿನ್ಯಾಗಿಂದು?”

“ಅದನ್ನ ಹೇಳೂವಂಗಿಲ್ಲ.”

“ಅಂದ್ರ ಆರಾಮ ಇಲ್ಲ,” ಎಂದು ತೀರ್ಮಾನಿಸಿ ಕಷಾಯಕ್ಕಿಟ್ಟಳು.

ಆಗ ನನಗೆ ನನ್ನ ಬೋನಿನ ಅಳತೆ ತಿಳಿಯಿತು. ಕಾಯಿಲೆ ಎಂದರೆ ಸುಳ್ಳು. ಆರೋಗ್ಯ ಎಂದರೆ ಮುಂದಿನ ಪ್ರಶ್ನೆ ಕಾದು ನಿಂತಿದೆ: ಹಾಗಾದರೆ ಸುವಿಚಾರ ಯಾಕಿಲ್ಲ? ಅದಕ್ಕೆ ಉತ್ತರ ಕೊಟ್ಟರೆ ಅಪರಾಧ. ಭಾರತದ ಪ್ರಜೆಯೊಬ್ಬ ಹುಷಾರಾಗಿಯೂ ಇರುವಂತಿಲ್ಲ, ಹುಷಾರಿಲ್ಲದೆಯೂ ಇರುವಂತಿಲ್ಲ. ಗಂಟಲಿನಲ್ಲಿ ಕಷಾಯ ಇಳಿಯುವಾಗ, ರಾಜ್ಯಶಕ್ತಿ ಎಂದರೆ ಇದೇ ಇರಬೇಕು ಅನ್ನಿಸಿತು.

ಮಾಲೀಕನಿಗೆ ದಾರಿ ಸಲೀಸಾಗಿ ಕಂಡಿತು.

“ಕಾಕಾ, ಜ್ವರ ಅಂತ ಹೇಳಿಬಿಡಿ. ಯಾರಿಗೂ ನಷ್ಟ ಇಲ್ಲ. ನಾಳೆಯಿಂದ ಸುವಿಚಾರ ಮಾತ್ರ ಹಾಕೋಣ, ಕೆಳಗಿನ ಸಾಲು ಬಿಡೋಣ. ಜನಕ್ಕೆ ಬೇಕಾದದ್ದು ಅದೇ.”

“ನಷ್ಟ ಒಬ್ಬನಿಗಿದೆ.”

“ಅವನಿಗೆ ಹೇಳೋ ಹಾಗೂ ಇಲ್ಲವಲ್ಲ?”

ಇಲ್ಲ. ವಕೀಲೆಯ ಪತ್ರಕ್ಕೆ ಬೆಲೆ ಸಿಕ್ಕಿ, ಕೊಡಬೇಕಾದದ್ದು ಒಂದೇ ಸಂಖ್ಯೆ ಎಂದು ತೀರ್ಮಾನವಾಗಿತ್ತು. ತಾಣದ ಹಿಂಬದಿಯ ಕೋಷ್ಟಕವನ್ನು ತೆರೆದು, ಆ ಅಡ್ಡಹೆಸರಿನ ಎದುರಿಗಿದ್ದ ಸಂಖ್ಯೆಯನ್ನು ನಾನೇ ತೆಗೆದೆ. ತಪ್ಪಾದರೆ ಇನ್ನಾರದೋ ಮನೆ ಬಾಗಿಲು ತಟ್ಟುತ್ತಾರೆಂದು ಅಂಕಿ ಅಂಕಿಗೂ ಬೆರಳಿಟ್ಟು ಮತ್ತೆ ಮತ್ತೆ ತಾಳೆ ನೋಡಿದೆ. ಹಾಗೆ ನೋಡಿ ನೋಡಿ ಅದು ಬಾಯಿಪಾಠವಾಯಿತು. ನನ್ನ ಮಗನ ಸಂಖ್ಯೆ ನನಗೆ ಇವತ್ತಿಗೂ ಬಾಯಿಗೆ ಬರುವುದಿಲ್ಲ.

ಲಕೋಟೆಯನ್ನು ಕೈಯಾರೆ ತಲುಪಿಸಲು ಹೋದಾಗ ಅಲ್ಲಿದ್ದ ಅಧಿಕಾರಿ ಸಜ್ಜನ. ಕೂರಿಸಿ ಚಹಾ ತರಿಸಿದರು. ಪತ್ರ ಕಳಿಸಿದ್ದು ಅವರದೇ ಮೇಜು. ಸ್ವೀಕೃತಿಗೆ ಮುದ್ರೆ ಒತ್ತುತ್ತಾ ಅವರು ತಲೆಯೆತ್ತಿ ಕೇಳಿದರು:

“ನಿಮ್ಮ ಸುವಿಚಾರ ದಿನಾ ನೋಡ್ತಿದ್ದೆ ಕಾಕಾ. ಯಾಕೆ ನಿಂತುಹೋಯ್ತು? ತಬಿಯತ್ ಸರಿಯಿಲ್ಲವೇ?”

ನಾನು ಅವರ ಮುಖವನ್ನೇ ನೋಡಿದೆ. ತಮಾಷೆಯಲ್ಲ. ನಿಜವಾದ ಕಾಳಜಿ. ಸಾಲನ್ನು ನಿಲ್ಲಿಸಿದ ಮನುಷ್ಯನಿಗೇ ಸಾಲು ಯಾಕೆ ನಿಂತಿತೆಂದು ತಿಳಿಯದ ಮೇಲೆ, ಘಂಟಿಯ ಮುಂದೆ ಬೆನ್ನು ಬಾಗಿಸಿ ಕೂತವನಿಗೆ ಎಲ್ಲಿಂದ ತಿಳಿಯಬೇಕು? ವಯಸ್ಸಾಯಿತಲ್ಲ ಸಾಹೇಬ್ರೇ, ಎಂದು ಯಾವ ಕಾನೂನಿಗೂ ನಿಲುಕದ ಉತ್ತರ ಕೊಟ್ಟು ಎದ್ದುಬಂದೆ.

ಕಚೇರಿಗೆ ಬಂದು ಕೂತಾಗ ಸಹಾಯವಾಣಿಯ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ನನಗೆ ಬಾಯಿಪಾಠವಾಗಿದ್ದ ಅಂಕಿಗಳು ಒಂದೊಂದಾಗಿ ಸಾಲಾಗಿ ನಿಂತಿದ್ದವು.

“ಕಾಕಾ, ನಾನು ನಿಮ್ಮ ಸುವಿಚಾರ ಓದೋನು. ಇಲ್ಲೇ ಹತ್ತಿರ ಘಂಟಿ ಮೇಲೆ ಕೂರ್ತೀನಿ. ಹುಷಾರಿಲ್ಲ ಅಂತ ಕೇಳ್ದೆ. ನಾಳೆ ಊಟದ ಬಿಡುವಿನಲ್ಲಿ ಬಂದು ನೋಡ್ಕೊಂಡು ಹೋಗ್ಲಾ?”

ಬೇಡ ಅನ್ನಲು ಕಾರಣ ಕೊಡಬೇಕು. “ಬಾ,” ಎಂದೆ.

ಫೋನಿಟ್ಟು ನನ್ನ ಘನಗಂಭೀರ ಪುಟವನ್ನು ತೆರೆದೆ. ಹೇಳಬೇಕಾದದ್ದೆಲ್ಲ ಅದರಲ್ಲೇ ಇತ್ತು, ಪತ್ರ ಬರುವ ಎಷ್ಟೋ ಮೊದಲಿನಿಂದ, ಎಲ್ಲರ ಕಣ್ಣೆದುರಿಗೆ. ಓದಿದವರು ಇಬ್ಬರು: ನಾನು ಮತ್ತು ವಕೀಲೆ. ಮಾಲೀಕ ಓದಿಲ್ಲ, ಕೇಳಿಸಿಕೊಂಡಿದ್ದಾನೆ. ಹಾಗಾದರೆ ಹೊಸದಾಗಿ ಏನನ್ನೂ ಹೇಳುವ ಅಗತ್ಯವಿಲ್ಲ. ವಕೀಲೆಗೆ ಫೋನ್ ಮಾಡಿದೆ.

“ಇರೋ ಪುಟವನ್ನು ಗುಜರಾತಿಗೆ ಅನುವಾದ ಮಾಡಿದರೆ ತಪ್ಪೇನಮ್ಮ?”

“ಒಂದು ಲೈನ್ ಕೂಡ ಜಾಸ್ತಿ ಇರಬಾರದು. ಕಮ್ಮಿ ಕೂಡ ಇರಬಾರದು. ಅಂಕಲ್, ಅನುವಾದ ಕ್ರೈಮ್ ಅಲ್ಲ.”

“ತುಂಬ ಒಳ್ಳೆಯದು.”

“ಕೆಟ್ಟ ಅನುವಾದ ಆದ್ರೆ ಹೇಳಕ್ಕಾಗಲ್ಲ,” ಎಂದು ನಕ್ಕಳು.

ಆ ಮಧ್ಯಾಹ್ನವೆಲ್ಲ ನಾನೂ ಮಾಲೀಕನೂ ಒಂದೇ ಪರದೆಗೆ ಅಂಟಿ ಕೂತೆವು. ನಾನು ಹೇಳುವುದು, ಅವನು ಘಂಟಿಯ ಭಾಷೆಗೆ ಇಳಿಸುವುದು. ಪೇಟಗಳೆಲ್ಲ ಒಂದೊಂದಾಗಿ ಬಿದ್ದವು. ‘ಅಧಿಕೃತ ಪ್ರಾಧಿಕಾರದ ಕೋರಿಕೆಯ ಸಂದರ್ಭದಲ್ಲಿ’ ಎಂಬುದು ‘ಸರ್ಕಾರ ಕೇಳಿದಾಗ’ ಆಯಿತು. ಅದೇ ಪುಟದಲ್ಲಿ ಎಂದೋ ಇಂಗ್ಲಿಷಿನಲ್ಲಿ ಹಾಕಿದ್ದ ಉಚಿತ ಕಾನೂನು ನೆರವಿನ ವಿವರವೂ ಗುಜರಾತಿಗೆ ಬಂತು. ನನ್ನ ಹೆಮ್ಮೆಯ ಕಂಡಿಕೆಗೆ ಬಂದಾಗ ಮಾಲೀಕ ಬೆರಳು ತಡೆದು ಓದಿಕೊಂಡ. ಆಮೇಲೆ ಕುರ್ಚಿಗೆ ಒರಗಿದ.

“ಇದು ಮೊದಲೇ ಇತ್ತಾ ಕಾಕಾ?”

“ಮೊದಲ ದಿನದಿಂದ.”

“ನಮ್ಮ ತಾಣದಲ್ಲಿ?”

“ನೀನೇ ತಲೆದೂಗಿದ್ದೆ.”

“ನಾನು ದಿನಾ ಎಷ್ಟಕ್ಕೆ ತಲೆದೂಗಲ್ಲ,” ಎಂದು ಗೊಣಗಿ, ಟೈಪು ಮಾಡಿದ. ಸಾಲು ಕಾಣದಿದ್ದರೆ ಯಾಕೆಂದು ಕೇಳಬೇಡಿ. ಹೇಳದಂತೆ ನಮಗೆ ಆದೇಶವಿರಬಹುದು. ಯಾರು ತಾಣ ತೆರೆದರೂ ಮೊದಲು ಈ ಪುಟ ಕಾಣುವಂತೆ ಇಟ್ಟೆವು.

ಮರುದಿನ ಅವನು ಬಂದ. ಇಪ್ಪತ್ತೆಂಟು ಮೂವತ್ತರ ಪ್ರಾಯ, ಕಲ್ಲು ಹಿಡಿಯುವ ಬೆರಳುಗಳ ತುದಿಯಲ್ಲಿ ಕಪ್ಪು. ಕೈಯಲ್ಲಿ ಚಿಕ್ಕು ಹಣ್ಣಿನ ಚೀಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಗಟ್ಟಿಯಾಗೇ ಇದೀರಲ್ಲ ಕಾಕಾ,” ಎಂದ. ತುಸು ನಿರಾಶೆಯಾದಂತಿತ್ತು.

“ಕೂತ್ಕೋ. ಇವತ್ತು ತಾಣ ನೋಡಿದೆಯಾ?”

“ಏನೋ ಉದ್ದದ್ದು ಬಂತು. ಸರಿಸಿಬಿಟ್ಟೆ.”

“ನನ್ನ ಗುಜರಾತಿ ಅಷ್ಟಕ್ಕಷ್ಟೆ. ಜೋರಾಗಿ ಓದು. ನಿಮ್ಮಂಥವರಿಗೆ ಅರ್ಥ ಆಗುತ್ತದೋ ಇಲ್ಲವೋ ನೋಡೋಣ.”

ಅವನು ಶಾಲೆಯ ಹುಡುಗನಂತೆ ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು ಓದಿದ. ಮೊಬೈಲ್ ಸಂಖ್ಯೆ ಇಡುತ್ತೇವೆ. ಸರ್ಕಾರ ಕೇಳಿದಾಗ ಕೊಡಬೇಕು. ಕೊನೆಯ ಕಂಡಿಕೆಯನ್ನು ಜೋರಾಗಿ ಓದಿ, ಮತ್ತೊಮ್ಮೆ ತುಟಿಯಲ್ಲೇ ಓದಿಕೊಂಡ. ತಲೆಯೆತ್ತಿ, ಮೇಜಿನ ಮೇಲಿದ್ದ ನನ್ನ ಕಂಪ್ಯೂಟರಿನ ಮುಖಪುಟದಲ್ಲಿದ್ದ ಕಪ್ಪು ಚೌಕವನ್ನು ನೋಡಿದ. ನಾನು ಚಿಕ್ಕುಗಳನ್ನು ನೋಡುತ್ತಿದ್ದೆ. ಆದೇಶವಿದ್ದದ್ದು ಬಾಯಿಗೆ, ಆದರೆ ನನ್ನ ಮುಖದ ಮೇಲೆ ನನಗೆ ನಂಬಿಕೆಯಿರಲಿಲ್ಲ.

“ಅಂದರೆ ನಿಮಗೆ ಜ್ವರ ಗಿರ ಏನೂ ಇಲ್ಲ.”

“ಪುಟ ಅರ್ಥ ಆಯಿತೋ ಅಂತ ಕೇಳಿದೆ.”

“ಆಯಿತು. ಯಾರ ಬಗ್ಗೆ ಕೇಳಿದರು ಅಂತ ಇದು ಹೇಳಲ್ಲ.”

“ಹೇಳುವುದಿಲ್ಲ.”

“ಹಾಗಾದರೆ ಎಲ್ಲರೂ ನಂದೇ ಅಂದ್ಕೋಬೇಕು.”

“ಅಂದ್ಕೊಂಡವರಿಗೆ ಲುಕ್ಸಾನಿಲ್ಲ.”

ಅವನು ಬಹಳ ಹೊತ್ತು ಬೆರಳಿನ ಕಪ್ಪನ್ನು ಉಜ್ಜುತ್ತ ಕೂತ. ನಂತರ ಕಾನೂನು ನೆರವಿನ ಸಾಲನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡ. ಎದ್ದು ನಿಂತು, “ನಿಮ್ಮ ಹಲಗೆ ನಿಂತರೆ ನಿಲ್ಲಲಿ ಕಾಕಾ. ನನ್ನದು ನಾನು ಬರೀತೀನಿ,” ಎಂದ. ಚೀಲ ಅಲ್ಲೇ ಬಿಟ್ಟುಹೋದ.

ಮರುದಿನದಿಂದ ಬೆಳಿಗ್ಗೆ ಚಹಾದ ಹೊತ್ತಿಗೆ ಆ ಸಂಖ್ಯೆಯಿಂದ ಒಂದು ಸಾಲು: ‘ಆಜ್ ಸುಧೀ ಕೋಈ ಆವ್ಯುಂ ನಥೀ.’ ಇವತ್ತಿನವರೆಗೆ ಯಾರೂ ಬಂದಿಲ್ಲ. ಹೂವಿಲ್ಲ, ದೀಪವಿಲ್ಲ. ನಾನು ಉತ್ತರಿಸುತ್ತಿರಲಿಲ್ಲ, ಉತ್ತರಿಸಬಾರದೆಂದು ವಕೀಲೆಯ ಕಟ್ಟಪ್ಪಣೆ. ಒಂದು ಸಲ ಮಾತ್ರ ಸಾಲು ಬದಲಾಯಿತು: ಕರೆದಿದ್ದಾರೆ, ವಕೀಲರ ಜೊತೆ ಹೋಗುತ್ತಿದ್ದೇನೆ. ಆ ದಿನ ನಾನು ಗೇಟಿನ ಹಲಗೆಯ ಮೇಲೆ ತಾಳ್ಮೆಯ ಬಗ್ಗೆ ಬರೆದು, ಅನ್ನವನ್ನು ಎರಡು ಸಲ ತಟ್ಟೆಯಲ್ಲೇ ಬಿಟ್ಟು ಎದ್ದೆ. ಸಂಜೆಗೆ ಅವನು ವಾಪಸ್ಸು ಬಂದ. ಕೇಳಿದ್ದಕ್ಕೆ ಹೇಳಿದೆ, ಬರೆದದ್ದು ನಾನೇ ಅಂದೆ, ಮತ್ತೆ ಕರೆಯಬಹುದಂತೆ, ಎಂದು ತಿಳಿಸಿದ. ಮತ್ತೆ ಶುರುವಾಯಿತು ಹಳೆಯ ಸಾಲು.

ನಮ್ಮ ತಾಣದಲ್ಲೂ ಸುವಿಚಾರವನ್ನು ಸಾಲಿನಿಂದ ಬಿಡಿಸಿ ಮತ್ತೆ ಹಾಕತೊಡಗಿದೆ. ಕೆಳಗೆ ಸಾಲಿನ ಜಾಗ ಖಾಲಿಯೇ ಉಳಿಯಿತು. ಅದರ ಸುತ್ತ ಒಂದು ಗೆರೆ ಮಾತ್ರ ಹಾಕಿದ್ದೇನೆ.

ಒಂದು ಬೆಳಿಗ್ಗೆ ಅವನ ಸಂದೇಶ ಬರಲಿಲ್ಲ.

ಚಹಾ ಆಯಿತು. ಹಲಗೆ ಬರೆದು ಬಂದೆ. ಬರಲಿಲ್ಲ. ಕೊನೆಗೆ ವಕೀಲೆಯ ಅಪ್ಪಣೆಯನ್ನು ಮೀರಿ ಫೋನ್ ಮಾಡಿದೆ; ಸ್ವಿಚ್ ಆಫ್.

“ಜ್ವರ ಬಂದಿರಬೇಕು ತಗೋರಿ,” ಎಂದಳು ಹೆಂಡತಿ.

“ಮೌನಕ್ಕ ಬ್ಯಾರೆ ಅರ್ಥ ಇರತದ.”

“ಎಲ್ಲಾದಕ್ಕೂ ನಿಮ್ಮ ಪುಟದ ಅರ್ಥಾನೇ ಇರಬೇಕೇನು? ಮನಶಾರಿಗೆ ಜಡ್ಡೂ ಬರತಾವ.”

ಕಚೇರಿಗೆ ಓಡಿ ಕೋಷ್ಟಕ ತೆರೆದೆ. ಮೊಬೈಲ್ ಸಂಖ್ಯೆ. ಒಳಗೆ ಬಂದ ಸಮಯ. ಸಂಪರ್ಕದ ಗುರುತು. ಹೆಸರಿಲ್ಲ, ಮನೆಯಿಲ್ಲ, ಕೆಲಸದ ಜಾಗವಿಲ್ಲ. ನಾವು ಸಂಗ್ರಹಿಸುವುದಿಲ್ಲ ಎಂದು ಬರೆದಿದ್ದೆವು, ಸಂಗ್ರಹಿಸಿರಲಿಲ್ಲ. ನನ್ನ ಪುಟ ಅಕ್ಷರಶಃ ಸತ್ಯವೆಂದು ಸಾಬೀತಾದ ಕ್ಷಣ ಅದು. ಆ ಪುಟವನ್ನು ನಾನು ಅಷ್ಟು ಶಪಿಸಿದ ಕ್ಷಣವೂ ಇನ್ನೊಂದಿಲ್ಲ.

ಹತ್ತಿರದ ಘಂಟಿ ಎಂದಿದ್ದನಲ್ಲ. ಬೀದಿಯಲ್ಲಿ ಒಂದು ಕಿಲೋ ಚಿಕ್ಕು ಕೊಂಡು, ಬೆರಳಿನ ಕಪ್ಪನ್ನೂ ಮುಖಚರ್ಯೆಯನ್ನೂ ವರ್ಣಿಸುತ್ತ ಒಂದೊಂದೇ ಕಾರ್ಖಾನೆಯ ಮೆಟ್ಟಿಲು ಹತ್ತಿದೆ. ಬೆರಳಿನ ಕಪ್ಪು ಅಲ್ಲಿ ಎಲ್ಲರಿಗೂ ಇತ್ತು. “ಸುವಿಚಾರದ ಕಾಕಾ ಅಲ್ವಾ? ಬದುಕಿದ್ದೀರಾ?” ಎಂದು ಒಬ್ಬ ಎದ್ದು ಕಾಲಿಗೆ ಬಿದ್ದ. ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದ ಮೇಲೆ ಒಂದು ಘಂಟಿಯವರಿಗೆ ಗುರುತು ಸಿಕ್ಕಿತು. ಅವನು ಇವತ್ತು ಬಂದಿಲ್ಲ. ಯಾಕೋ ಗೊತ್ತಿಲ್ಲ. ಕೋಣೆ ಹಿಂದಿನ ಗಲ್ಲಿಯಲ್ಲಿ.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಎರಡು ಕಂಬಳಿಗಳ ಕೆಳಗೆ ಒಂದು ಆಕಾರ ನಡುಗುತ್ತಿತ್ತು. ಹಣೆ ಮುಟ್ಟಿದೆ. ಕಾದ ಹೆಂಚು. ಫೋನು ಸತ್ತು ಹಾಸಿಗೆಯ ಪಕ್ಕ ಬಿದ್ದಿತ್ತು. ಒಬ್ಬ ಮನುಷ್ಯನಿಗೆ ಜ್ವರ ಬಂದದ್ದಕ್ಕೆ ಇನ್ನೊಬ್ಬ ಅಷ್ಟು ಸಂತೋಷಪಡಬಾರದು. ಅವನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ.

ಅವನು ಒಂದು ಕಣ್ಣು ತೆರೆದು ನನ್ನನ್ನೂ ಚೀಲವನ್ನೂ ನೋಡಿದ.

“ಹಲಗೆ ಖಾಲಿ ಅಂದರೆ ಬೇರೆ ಅರ್ಥ ಅಂತ ನೀವೇ ಬರೆದಿದ್ದಿರಿ ಕಾಕಾ.”

“ಬರೆದಿದ್ದೆ.”

“ಮತ್ತೆ ಚಿಕ್ಕು ಯಾಕೆ ತಂದಿರಿ?”

ನಾನು ಒಂದನ್ನು ತೆಗೆದು ಸಿಪ್ಪೆ ಸುಲಿದು ಅವನ ಬಾಯಿಗಿಟ್ಟೆ. ಅವಸರದಲ್ಲಿ ಅದುಮಿ ನೋಡದೆ ಕೊಂಡಿದ್ದೆ, ಇನ್ನೂ ಕಾಯಿ. ಅವನು ಮುಖ ಕಿವುಚಿ ನುಂಗಿದ. ಉಳಿದರ್ಧವನ್ನು ನಾನು ತಿಂದೆ. ಸಂಜೆಯವರೆಗೂ ಬಾಯಿ ಒಗರಾಗಿತ್ತು.